ಲೆಂಪಿಯ ಪದಕ ಕಾಗದದಲ್ಲಿ ಯಾಕಿಲ್ಲ?

ಆರ್ವೋ ಹಿಯೆಟಾಲನ ಬಾಯಿ ಸುಮ್ಮನಿರುವಂಥದ್ದಲ್ಲ. ಮಿಶಿಗನ್ನಿನ ಉತ್ತರದ ತುದಿಯ ಆ ಊರಿನಲ್ಲಿ ಫಿನ್ಲೆಂಡಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ ಹೆಚ್ಚು. ಮಾತನ್ನು ಅಳೆದು ತೂಗಿ ಆಡುವ ಜನ. ಅವರ ನಡುವೆ ಈ ಗಿರಣಿ ಬಾಯಿ ಎಲ್ಲಿಂದ ಬಂತೋ ಎಂದು ಅವನ ಹೆಂಡತಿ ಲೆಂಪಿಯೇ ನಗುತ್ತಿದ್ದಳು. ಆದರೆ ಆ ಗುರುವಾರ ಅವಳು ನಗಲಿಲ್ಲ.

ಗುರುವಾರ ಸಂಜೆ ಎಂದರೆ ಮಾಜಿ ಸೈನಿಕರ ಸಂಘದಲ್ಲಿ ಇಸ್ಪೀಟಾಟ. ಸಂಘದ ಸದಸ್ಯೆ ಲೆಂಪಿ. ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ನರ್ಸಾಗಿದ್ದವಳು ಅವಳು. ಆರ್ವೋ ಆ ಕಾಲದಲ್ಲಿ ಕಬ್ಬಿಣದ ಗಣಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದ. ಆದರೂ ಹೊಸಬರು ಯಾರೇ ಬರಲಿ, ಸೀದಾ ಆರ್ವೋನ ಕೈ ಕುಲುಕಿ "ನಿಮ್ಮ ಸೇವೆಗೆ ಧನ್ಯವಾದ" ಎನ್ನುತ್ತಿದ್ದರು. "ನಾನಲ್ಲ ಮಾರಾಯ, ಇವಳು! ನಾನು ಗಣಿ ಬಿಟ್ಟು ಆಚೆ ಹೋದವನೇ ಅಲ್ಲ" ಎಂದು ಅವನು ಹೆಂಡತಿಯನ್ನು ಮುಂದೆ ತಳ್ಳುತ್ತಿದ್ದ.

ಆ ದಿನ ಸಂಘದಲ್ಲಿ ಹೊಸ ಸ್ಮಾರಕದ ಮಾತು ನಡೆದಿತ್ತು. ಸೈನ್ಯದಲ್ಲಿದ್ದ ಊರಿನವರೆಲ್ಲರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವುದು, ಪದಕ ಪಡೆದಿದ್ದರೆ ಅದನ್ನೂ ಪಕ್ಕದಲ್ಲಿ ಬರೆಸುವುದು ಎಂದು ತೀರ್ಮಾನವಾಗಿತ್ತು. ಕಾರ್ಯದರ್ಶಿ ನಾರ್ಬರ್ಟ್ ಹೆಸರುಗಳನ್ನು ಓದುತ್ತ ಬಂದ. ಲೆಂಪಿಯ ಹೆಸರು ಬಂದದ್ದೇ ತಡ, ಆರ್ವೋ ಕುರ್ಚಿಯಿಂದ ಎದ್ದ.

"ಏಯ್ ನಾರ್ಬರ್ಟ್, ಇವಳ ಕಂಚಿನ ತಾರೆ ಪದಕ ಎಲ್ಲಪ್ಪ? ಅದನ್ನ ನುಂಗಿಬಿಟ್ಯಾ?"

"ಕಂಚಿನ ತಾರೆನಾ? ಲೆಂಪಿಗಾ?" ನಾರ್ಬರ್ಟ್ ಕಣ್ಣರಳಿಸಿದ. ಸೇವೆ ಮುಗಿಸಿದವರಿಗೆ ಸೈನ್ಯ ಕೊಡುವ ಬಿಡುಗಡೆ ಪತ್ರದ ಪ್ರತಿಗಳು ಅವನ ಬಳಿ ಇದ್ದವು. ಲೆಂಪಿಯದನ್ನು ತೆಗೆದು ಮೇಲಿಂದ ಕೆಳಗೆ ನೋಡಿದ. "ಇಲ್ಲಿ ಅಂಥದ್ದೇನೂ ಇಲ್ವಲ್ಲ. ಕಾಗದದಲ್ಲಿ ಇಲ್ದೇ ಇರೋದನ್ನ ಕಲ್ಲಲ್ಲಿ ಹೇಗಪ್ಪ ಕೆತ್ತಿಸೋದು?"

ಹಿಂದಿನಿಂದ ಯಾರೋ ಅಂದರು: "ಹಿಡಿದ ಮೀನಿನ ಉದ್ದ ಬೆಳೆಸಿದ್ದು ಸಾಲ್ದು ಅಂತ ಈಗ ಹೆಂಡ್ತಿ ಪದಕಾನೂ ಶುರುಮಾಡ್ಕೊಂಡ."

ಎಲ್ಲರೂ ನಕ್ಕರು. ಲೆಂಪಿ ಕೈಯಲ್ಲಿದ್ದ ಇಸ್ಪೀಟೆಲೆಗಳನ್ನು ಮೇಜಿನ ಮೇಲೆ ಕವುಚಿಟ್ಟು, ಕೋಟು ಹಾಕಿಕೊಂಡು ಹೊರಟುಹೋದಳು. ಆರ್ವೋ ಹಿಂದೆಯೇ ಓಡಿ ಕಾರು ಹತ್ತಿದ.

"ಸೌನಾದಲ್ಲಿ ಹೇಳಿದ್ದನ್ನ ಸಂಘದಲ್ಲಿ ಹೇಳ್ತಾರಾ ಆರ್ವೋ?" ಎಂದಳು ಅರ್ಧ ದಾರಿಯಲ್ಲಿ.

ಅವರ ಮನೆತನಗಳಲ್ಲಿ ಶನಿವಾರದ ಸೌನಾದ ಬಿಸಿ ಹಬೆಯಲ್ಲಿ ಕೂತು ಆಡಿದ ಮಾತು ಬಾಗಿಲು ದಾಟಬಾರದು. ಮದುವೆಯಾದ ಹೊಸತರಲ್ಲಿ ಅವಳು ಅಲ್ಲಿ ಒಂದೇ ಒಂದು ಸಲ ಹೇಳಿದ್ದಳು: ವಿಯೆಟ್ನಾಮಿನಿಂದ ಹೊರಡುವ ದಿನ ಹೆಡ್ ನರ್ಸು 'ನಿನ್ನ ಹೆಸರನ್ನು ಪದಕಕ್ಕೆ ಬರೆದು ಕಳಿಸಿದ್ದೇನೆ' ಅಂದಿದ್ದರು ಎಂದು. ಮತ್ತೆಂದೂ ಆ ಮಾತೆತ್ತಿರಲಿಲ್ಲ.

"ನಾನು ಯಾವತ್ತೂ ಪದಕ ಬಂತು ಅಂದೋಳಲ್ಲ. ಈಗ ಊರವರ ಕಣ್ಣಲ್ಲಿ ನಾನು ಸುಳ್ಳಿ. ನಾಳೆ ಯಾವ ಮುಖ ಇಟ್ಕೊಂಡು ಅಲ್ಲಿಗೆ ಹೋಗ್ಲಿ?"

ಆ ಶನಿವಾರ ಲೆಂಪಿ ಸೌನಾಕ್ಕೆ ಒಬ್ಬಳೇ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಆರ್ವೋ ಹೊರಗೆ ಹಿಮದಲ್ಲಿ ನಿಂತು ತಲೆ ಕೆರೆದುಕೊಂಡ. ಕೆಡಿಸಿದವನು ತಾನು, ಸರಿಮಾಡಬೇಕಾದವನೂ ತಾನೇ. ಅವಳು ಗುರುವಾರ ತಲೆಯೆತ್ತಿ ಸಂಘದ ಬಾಗಿಲು ಹೊಗುವವರೆಗೆ ತನಗೆ ನೆಮ್ಮದಿಯಿಲ್ಲ ಎಂದು ಅವನಿಗೆ ಗೊತ್ತಾಗಿಹೋಯಿತು.

ಸೋಮವಾರ ಬೆಳಿಗ್ಗೆ ಜಿಲ್ಲೆಯ ಮಾಜಿ ಸೈನಿಕರ ಕಚೇರಿ ಬಾಗಿಲು ತೆಗೆಯುವ ಮುಂಚೆಯೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅಲ್ಲಿನ ಅಧಿಕಾರಿ ಡ್ವೇನ್ ಟ್ರೆಂಬ್ಲೆ ಇರಾಕಿನಲ್ಲಿ ಸೇವೆ ಮಾಡಿ ಬಂದವನು. ಕಥೆಯೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗ್ಬೇಡಯ್ಯ! ನನ್ನ ಸಂಸಾರದ ಪ್ರಶ್ನೆ ಇದು."

"ಇದಕ್ಕೆ ದಾರಿ ಇದೆ ಆರ್ವೋ ಅವ್ರೇ. ಪದಕದ ಆದೇಶ ಎಷ್ಟೋ ಸಲ ಆ ಮನುಷ್ಯ ಮನೆ ಸೇರಿದ ಮೇಲೆ ಹೊರಡುತ್ತೆ. ಬಿಡುಗಡೆ ಪತ್ರ ಅಷ್ಟೊತ್ತಿಗೆ ಮುಗಿದಿರುತ್ತೆ. ಆಮೇಲೆ ಯಾರೂ ಕೇಳಲ್ಲ, ಯಾರೂ ತಿದ್ದಲ್ಲ. ಆದ್ರೆ ಅರ್ಜಿಗೆ ಬೇಕಾಗಿರೋದು ನಿಮ್ಮ ಬಾಯಿ ಅಲ್ಲ, ಅವರ ಸಹಿ."

ಮಾರನೆಯ ದಿನ ಡ್ವೇನನೇ ಮನೆಗೆ ಬಂದ. ಲೆಂಪಿ ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಪಾಸ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಗಂಡನ ತಟ್ಟೆಗೆ ಅಂಚು ಸೀದದ್ದು ಬಿತ್ತು.

"ತಿಂದು ಹೋಗಪ್ಪ. ಸಹಿಗಿಹಿ ಆಗಲ್ಲ. ಐವತ್ತು ವರ್ಷದ ಹತ್ರ ಆಯ್ತು, ಈಗೇನು ಅದು?"

"ಎಷ್ಟು ಹಳೇದಾದ್ರೂ ಕೇಳಬಹುದು ಅಮ್ಮ."

"ವಕೀಲರು, ಖರ್ಚು…"

"ಒಂದು ಡಾಲರೂ ಇಲ್ಲ. ದುಡ್ಡು ಕೊಡಿ, ಮಾಡಿಸ್ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಹತ್ರ ಸೇರಿಸ್ಬೇಡಿ. ನನಗೆ ಸಂಬಳ ಕೊಡೋದೇ ಇದಕ್ಕೆ."

"ನಂದೇ ತಪ್ಪು ಬಿಡು," ಎಂದಳು ಲೆಂಪಿ. "ಕ್ಯಾಲಿಫೋರ್ನಿಯಾದಲ್ಲಿ ಇಳಿದ ದಿನ ಗುಮಾಸ್ತ ಕಾಗದ ಮುಂದಿಟ್ಟು, 'ಓದಿ ನೋಡಿ, ಏನಾದ್ರೂ ಬಿಟ್ಟಿದ್ರೆ ಹೇಳಿ, ಆದ್ರೆ ತಿದ್ದಿಸೋಕೆ ಸೋಮವಾರದವರೆಗೆ ಇಲ್ಲೇ ಇರಬೇಕಾಗುತ್ತೆ' ಅಂದ. ನನ್ನ ತಂಗಿ ಮದುವೆ ಭಾನುವಾರ. ಕಣ್ಣು ಮುಚ್ಕೊಂಡು ಸಹಿ ಹಾಕಿದೆ."

"ನನ್ನ ಕಚೇರಿಗೆ ಬರೋ ಅರ್ಧ ಜನ ಇದನ್ನೇ ಹೇಳ್ತಾರೆ ಅಮ್ಮ. ಮನೆಗೆ ಓಡೋ ಆತುರದಲ್ಲಿ ಎಲ್ಲರೂ ಸಹಿ ಹಾಕಿದೋರೇ!"

ಲೆಂಪಿ ಅವನ ತಟ್ಟೆಗೆ ಇನ್ನೊಂದು ಪಾಸ್ಟಿ ಹಾಕಿದಳು. ಆಮೇಲೆ ಹೇಳಿದಳು: "ಅಲ್ಲಿ ಆಸ್ಪತ್ರೇಲಿ ಸಂಜೆ ಊಟ ಕೊಡ್ತಿದ್ವಿ. ಶೆಲ್ ಬೀಳೋಕೆ ಶುರುವಾಯ್ತು. ನಡೆಯೋಕೆ ಆಗೋರನ್ನ ಬಂಕರಿಗೆ ಓಡಿಸಿದ್ವಿ. ಮೂಳೆ ಮುರಿದು ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದೋರು ಏಳೋ ಹಾಗಿಲ್ಲ. ಅವರ ಮೇಲೆ ಹಾಸಿಗೆ ಹೊದಿಸಿ, ಪಕ್ಕದಲ್ಲೇ ಕೂತ್ವಿ. ರೂಫಸ್ ಅಂತ ಒಬ್ಬ ಕಾಂಪೌಂಡರ್ ಹುಡುಗ ಇದ್ದ, ಬೆಂಕಿ ಹತ್ತಿದ ಕಡೆಯಿಂದ ಇಬ್ಬರನ್ನ ಎಳ್ಕೊಂಡು ಬಂದ. ನಾನೊಬ್ಳೇ ಮಾಡಿದ್ದಲ್ಲ ಅದು. ನನಗೆ ಪದಕ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ."

"ಇದು ಹೇಳ್ಕೊಳ್ಳೋದಲ್ಲ ಅಮ್ಮ, ಕೇಳೋದು. ಇಲ್ಲ ಅಂತ ಬಂದ್ರೆ ಇಲ್ಲ ಅಂತ ಗೊತ್ತಾಗುತ್ತೆ."

ಲೆಂಪಿ ಗಂಡನ ಕಡೆ ತಿರುಗಿದಳು. "ಇಲ್ಲ ಅಂತ ಬಂದ್ರೆ ಸಂಘದಲ್ಲಿ ಎದ್ದು ನಿಂತು 'ನಾನು ಬಾಯಿಬಡುಕ' ಅಂತ ಹೇಳ್ತೀಯಾ?"

"ಹೇಳ್ತೀನಿ! ಮೇಜಿನ ಮೇಲೆ ಹತ್ತಿ ಹೇಳ್ತೀನಿ!"

"ಹಾಗಾದ್ರೆ ಪೆನ್ನು ಕೊಡಪ್ಪ," ಎಂದಳು.

ಡ್ವೇನ್ ಒಂದು ಮಾತು ಒತ್ತಿ ಹೇಳಿದ: "ಸೈನ್ಯದಲ್ಲಿದ್ದಾಗಿನ ಹೆಸರನ್ನೇ ಬರೀರಿ. ನಿಮ್ಮ ಕಡತ ತವರುಮನೆ ಹೆಸರಲ್ಲಿರುತ್ತೆ. ಬಿಡುಗಡೆ ಪತ್ರದ ಪ್ರತಿ ಮಾತ್ರ ಕಳಿಸೋದು. ಮೂಲ ಪತ್ರ ಮನೆ ಬಿಟ್ಟು ಕದಲಬಾರದು." ಲೆಂಪಿ ರೌಟಿಯೋ ಎಂಬ ಹಳೆಯ ಹೆಸರಿನಲ್ಲಿ ಅರ್ಜಿ ಹೋಯಿತು.

ಸೈನ್ಯದ ದಾಖಲೆ ಕಚೇರಿಯಿಂದ ಅವಳ ಕಡತದ ಪ್ರತಿ ಬಂದಾಗ ಹಿಮ ಕರಗಿತ್ತು. ಆರ್ವೋ ನಿಂತಲ್ಲೇ ಲಕೋಟೆ ಹರಿದು ಹುಡುಕಿದ. ಪದಕದ ಸುದ್ದಿಯೇ ಇಲ್ಲ! ಅವನ ಮುಖ ಬಾಡಿಹೋಯಿತು. ಮೇಜು ಹತ್ತುವುದು ಖಂಡಿತ ಎಂದುಕೊಂಡೇ ಡ್ವೇನನಿಗೆ ಫೋನು ಮಾಡಿದ.

"ಅಷ್ಟಕ್ಕೇ ಕೈ ಚೆಲ್ತೀರಾ? ವೈಯಕ್ತಿಕ ಕಡತ ಬೇರೆ, ಆಸ್ಪತ್ರೆ ಹೊರಡಿಸಿದ ಆದೇಶಗಳ ಕಡತ ಬೇರೆ. ಅದನ್ನೂ ಕೇಳೋಣ. ಜೊತೆಗೆ ಕಣ್ಣಾರೆ ಕಂಡೋರ ಹೇಳಿಕೆ ಬೇಕು. ಆ ಹೆಡ್ ನರ್ಸು ಬದುಕಿದ್ದಾರಾ?"

ಸೈನ್ಯದ ನರ್ಸುಗಳದ್ದೇ ಒಂದು ಸಂಘವಿತ್ತು. ಅಲ್ಲಿಂದ ಜಾರ್ಜಿಯಾದ ಒಂದು ನಂಬರು ಸಿಕ್ಕಿತು. ಆರ್ವೋ ಅಡುಗೆಮನೆಯಿಂದಲೇ ಒತ್ತಿದ. ಲೆಂಪಿ ಬೇಕೆಂದೇ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು.

"ಕ್ಯಾಪ್ಟನ್ ಇಮೋಜೆನ್ ಪರ್ಸೆಲ್ ಅವರಾ? ನಾನು ಲೆಂಪಿ ಹಿಯೆಟಾಲನ ಗಂಡ."

"ಯಾರಪ್ಪ ಅದು? ಗೊತ್ತಿಲ್ಲ."

"ರೌಟಿಯೋ! ಲೆಂಪಿ ರೌಟಿಯೋ!"

ಆ ಕಡೆಯಿಂದ ಬಂದ ಕೂಗು ಪಾತ್ರೆ ತೊಳೆಯುತ್ತಿದ್ದವಳಿಗೂ ಕೇಳಿಸಿತು. "ರೌಟಿಯೋ! ಮಾತೇ ಆಡದ ಹುಡುಗಿ! ಬದುಕಿದ್ದಾಳಾ? ಕೊಡು ಫೋನು, ಕೊಡು ಅವಳಿಗೆ!"

ಲೆಂಪಿ ಸೋಪಿನ ಕೈಯಲ್ಲೇ ಫೋನು ಕಸಿದುಕೊಂಡು ಪದಕ ಬಾರದ ಕಥೆ ಹೇಳಿದಳು.

"ಪದಕ ಬರ್ಲಿಲ್ಲ ಅಂದ್ರೆ ಏನೇ ಅರ್ಥ?" ಮುದುಕಿ ಗದರಿದಳು. "ಬರೆದೋಳು ನಾನು. ಮಂಜೂರಾಗಿ ಆದೇಶ ಬಂದಾಗ ನೀವೆಲ್ಲ ಊರು ಸೇರಿದ್ರಿ. ನಾನು ಕಣ್ಣಾರೆ ನೋಡಿದ್ದೀನಿ! ಎಲ್ಲಿ ಸಹಿ ಹಾಕ್ಬೇಕು ಹೇಳು, ಇವತ್ತೇ ಹಾಕ್ತೀನಿ."

ಹೇಳಿಕೆ ಬಂತು. ಅದಾದ ಮೇಲೆ ಒಂದು ಮಧ್ಯಾಹ್ನ ಡ್ವೇನನ ಜೀಪು ಅಂಗಳಕ್ಕೆ ನುಗ್ಗಿತು. ಇಂಜಿನ್ ಆರಿಸುವುದನ್ನೂ ಮರೆತು ಅವನು ಕಾಗದ ಬೀಸುತ್ತ ಓಡಿಬಂದ. "ಸಿಕ್ತು! ಆದೇಶ ಸಿಕ್ತು!"

ಆರ್ವೋ ಓ ಎಂದು ಕೂಗಿ ಡ್ವೇನನನ್ನು ಎತ್ತಿಯೇಬಿಟ್ಟ. ಲೆಂಪಿ ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. ತನ್ನ ಹೆಸರಿನ ಮೇಲೆ ಅವಳ ಬೆರಳು ನಿಲ್ಲಲಿಲ್ಲ. ಅದು ಕೆಳಗೆ ಜಾರಿತು.

"ಆರ್ವೋ, ಇಲ್ಲಿ ನಾಲ್ಕು ಜನ ಇದ್ದೀವಿ. ಜೊಆನ್, ಓರ್ಟೆಗಾ… ಅಯ್ಯೋ, ರೂಫಸ್! ರೂಫಸ್ ಟಾಲಿವರ್! ಇವರಿಗೆ ಗೊತ್ತಾ? ಡ್ವೇನ್, ಇವರಿಗೆ ಯಾರಾದ್ರೂ ಹೇಳಿದ್ದಾರಾ?"

"ನಿಮಗೆ ಯಾರೂ ಹೇಳ್ಲಿಲ್ಲವಲ್ಲ ಅಮ್ಮ."

ಇಷ್ಟು ದಿನ ಬೇಡ ಬೇಡ ಎಂದವಳು ಈಗ ಕೂರಲಾರದೆ ಅಡುಗೆಮನೆ ತುಂಬ ಓಡಾಡಿದಳು. "ನಂದಾದ್ರೆ ಬಿಡಬಹುದಿತ್ತು. ಇವರದ್ದನ್ನ ಹೇಗೆ ಬಿಡೋದು? ಆರ್ವೋ, ಸುಮ್ನೆ ನಿಂತಿದ್ದೀಯಲ್ಲ, ನಂಬರು ಹುಡುಕೋ!"

ಜೊಆನ್ ಒರೆಗನ್ನಿನಲ್ಲಿ ಸಿಕ್ಕಿದಳು. ಓರ್ಟೆಗಾ ಟೆಕ್ಸಾಸಿನಲ್ಲಿ ಮೊಮ್ಮಗಳ ಹುಟ್ಟುಹಬ್ಬದ ಗದ್ದಲದ ನಡುವೆ ಫೋನೆತ್ತಿ, ಸುದ್ದಿ ಕೇಳಿ, ಕುಣಿಯುತ್ತಿದ್ದೇನೆ ಎಂದು ಕೂಗಿದ. ಕೊನೆಗೆ ಆರ್ಕಾನ್ಸಾದ ನಂಬರು. ಎತ್ತಿದ್ದು ರೂಫಸನ ಮಗಳು.

"ಅಪ್ಪ ಹೋಗಿ ಎರಡು ವರ್ಷ ಆಯ್ತಮ್ಮ."

ಲೆಂಪಿ ಕುರ್ಚಿ ಹಿಡಿದುಕೊಂಡು ಕೂತಳು. ತಾನು ಯಾರು, ಕೈಯಲ್ಲಿರುವುದೇನು ಎಂದು ನಿಧಾನವಾಗಿ ಹೇಳಿದಳು.

"ನನಗೂ ಒಂದು ಪದಕ ಬರಬೇಕಿತ್ತು ಅಂತ ಅಪ್ಪ ಹೇಳ್ತಿದ್ರು," ಎಂದಳು ಮಗಳು. "ನಾವೆಲ್ಲ ನಕ್ಕುಬಿಡ್ತಿದ್ವಿ. ಆಮೇಲಾಮೇಲೆ ಹೇಳೋದನ್ನೇ ಬಿಟ್ರು."

"ನಿಮ್ಮಪ್ಪ ಸುಳ್ಳು ಹೇಳ್ಲಿಲ್ಲ ಕಣಮ್ಮ. ಕೇಳು, ಓದ್ತೀನಿ."

"ತಾಳಿ, ಒಂದು ನಿಮಿಷ ತಾಳಿ!" ಮಗಳು ಅಳುತ್ತಲೇ ಮನೆಯವರನ್ನು ಕರೆಯುತ್ತಿದ್ದಳು. "ಎಲ್ಲರೂ ಬನ್ನಿ! ಅಮ್ಮಾ, ಟೀವಿ ಆರಿಸು! ಅಪ್ಪನ ಪದಕ ಅಂತೆ! ಹಾಂ, ಈಗ ಓದಿ. ಜೋರಾಗಿ ಓದಿ."

ಜೀವಮಾನದಲ್ಲಿ ದನಿಯೆತ್ತದ ಲೆಂಪಿ ಎದ್ದು ನಿಂತು ಜೋರಾಗಿ ಓದಿದಳು. ಆರ್ವೋನ ಬಾಯಿಂದ ಆಗ ಒಂದು ಮಾತೂ ಹೊರಡಲಿಲ್ಲ. ಅವನು ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ.

ಆದೇಶದ ಪ್ರತಿಯೊಂದಿಗೆ ನಾಲ್ಕೂ ಅರ್ಜಿಗಳು ಹೋದವು. ರೂಫಸನ ಅರ್ಜಿಗೆ ಸಹಿ ಹಾಕಿದ್ದು ಅವನ ಹೆಂಡತಿ. ಬಿಡುಗಡೆ ಪತ್ರಕ್ಕೆ ಸೇರಿಸುವ ತಿದ್ದುಪಡಿ ಹಾಳೆ ಒಬ್ಬೊಬ್ಬರಿಗೂ ಬಂತು. ಲೆಂಪಿ ತನ್ನದನ್ನು ಗುರುವಾರ ನಾರ್ಬರ್ಟ್‌ನ ಮುಂದಿಟ್ಟಾಗ ಅವನು ಎದ್ದು ನಿಂತು ಸೆಲ್ಯೂಟ್ ಹೊಡೆದ.

ಓದುಗರೇ, ನಿಮ್ಮ ಮನೆಯಲ್ಲಿಯೂ ಸೈನ್ಯದಲ್ಲಿದ್ದು ಬಂದವರಿರಬಹುದು. ಅವರ ಬಿಡುಗಡೆ ಪತ್ರವನ್ನು ಇವತ್ತೇ ತೆಗೆದು, ಅವರ ಪಕ್ಕದಲ್ಲೇ ಕೂತು ಓದಿ. ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿ. ಬಿಟ್ಟಿದ್ದರೆ ನಿಮ್ಮ ಜಿಲ್ಲೆಯ ಮಾಜಿ ಸೈನಿಕರ ಕಚೇರಿಗೆ ಹೋಗಿ, ಸಹಾಯ ಉಚಿತ. ಜೊತೆಗಿದ್ದವರನ್ನು ಹುಡುಕಿ, ಅವರ ಹೇಳಿಕೆ ಪಡೆಯಿರಿ. ಮೊದಲ ಸಲ ಇಲ್ಲ ಎಂದು ಬಂದರೆ ಅಲ್ಲಿಗೇ ಬಿಡಬೇಡಿ, ಮೇಲ್ಮನವಿಗೆ ದಾರಿಯಿದೆ. ಅವರು ಈಗಿಲ್ಲವಾದರೆ ಹೆಂಡತಿ, ಗಂಡ, ಮಕ್ಕಳು ಅರ್ಜಿ ಹಾಕಬಹುದು.

ಆದರೆ ಅಲ್ಲಿಯವರೆಗೆ ಕಾಯಬೇಡಿ. ಸುದ್ದಿ ರೂಫಸನ ಮಗಳಿಗೆ ಮುಟ್ಟಿತು, ರೂಫಸನಿಗೆ ಮುಟ್ಟಲಿಲ್ಲ. ನಿಮ್ಮವರು ಇನ್ನೂ ಎದುರಿಗೇ ಕೂತಿದ್ದಾರೆ. ಅವರು ಹೇಳಿದ್ದನ್ನು ನಂಬಿ, ಇವತ್ತೇ ಅರ್ಜಿ ಬರೆಯಿರಿ.