ನನ್ನ ಉಸಿರಲ್ಲ

ಅಕ್ಕ ಹಾಡುವವಳು, ತಂಗಿ ಅದನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುವವಳು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ದಪ್ಪ ಕಂಬಳಿ ಹೊಡೆದು ಇಬ್ಬರೂ ಸ್ಟುಡಿಯೋ ಮಾಡಿಕೊಂಡಿದ್ದರು.

ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕನಿಗೆ ಕೊನೆಯ ಚರಣದ ಎತ್ತರದ ಸಾಲು ಒಲಿಯಲೇ ಇಲ್ಲ. ನಲವತ್ತೊಂದು ಟೇಕ್ ಆದವು. ತಂಗಿ ಒಂದೊಂದರಿಂದ ಒಂದೊಂದು ಪದ ಹೆಕ್ಕಿ ಜೋಡಿಸಿದಳು. ಹರಕು ಬಟ್ಟೆಗೆ ತೇಪೆ ಹಾಕಿದಂತಾಯಿತು. ಅಕ್ಕ ಮನೆಯಲ್ಲಿಲ್ಲದ ದಿನ ಆ ಸಾಲನ್ನು ತಾನೇ ಹಾಡಿ ಸೇರಿಸಿಬಿಟ್ಟಳು. ಒಡಹುಟ್ಟಿದವರ ದನಿ, ಯಾರಿಗೆ ಗೊತ್ತಾದೀತು?

ಅಕ್ಕನಿಗೆ ಗೊತ್ತಾಯಿತು. ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದವಳು ಆ ಸಾಲಿಗೆ ಮುಂಚಿನ ಉಸಿರಿಗೇ ತಲೆ ಎತ್ತಿದಳು.

"ಇದು ನನ್ನ ಉಸಿರಲ್ಲ. ಯಾರದು?"

"ನಂದು. ಇನ್ನೇನ್ ಮಾಡ್ಲಿ? ನಿಂಗೆ ಬರ್ತಿಲ್ವಲ್ಲ!"

ಅಕ್ಕ ಹೆಡ್‌ಫೋನ್ ಕಿತ್ತು ಅವಳ ಮುಖಕ್ಕೆ ಬೀಸಿದಳು. ಹುಬ್ಬು ಸೀಳಿತು. ತಂಗಿಯೂ ಬಿಡುವವಳಲ್ಲ, ಅಕ್ಕನ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದಳು.

"ಸತ್ತ ಗಂಟ್ಲು ಇಟ್ಕೊಂಡು ಮೆರೀಬೇಡ!"

ಆ ಮಾತಿಗೆ ಅಕ್ಕನ ಕಣ್ಣು ಕತ್ತಲಿಟ್ಟಿತು. ಮೈಕ್ ಸ್ಟ್ಯಾಂಡ್ ಎತ್ತಿ ಅದರ ಕಬ್ಬಿಣದ ಬುಡವನ್ನು ಮೇಜಿನ ಮೇಲೂರಿದ್ದ ತಂಗಿಯ ಬಲಗೈ ಮೇಲೆ ಇಳಿಸಿದಳು. ಒಂದಲ್ಲ, ಎರಡು ಸಲ. ಒಣಕಡ್ಡಿ ಮುರಿದಂಥ ಸದ್ದು. ಕೀಬೋರ್ಡ್ ತುಂಬ ರಕ್ತ. ಸದ್ದು ದಾಟದ ಕೋಣೆಯಾದ್ದರಿಂದ, ಬಾಗಿಲಾಚೆ ಬಟ್ಟೆ ಒಣಹಾಕುತ್ತಿದ್ದ ಅಕ್ಕನ ಗಂಡನಿಗೆ ಆ ಚೀರಾಟ ಕೇಳಿಸಲೇ ಇಲ್ಲ. ಏನೋ ಕೇಳಲೆಂದು ಬಾಗಿಲು ತೆರೆದವನು ಇಬ್ಬರನ್ನೂ ಎಳೆದು ಬಿಡಿಸಿದ.

"ಒಂದೇ ಹೊಟ್ಟೇಲಿ ಹುಟ್ಟಿದೋರೇನ್ರೇ ನೀವು?"

ಎರಡು ಬೆರಳು ಮುರಿದಿದ್ದವು. ಐದು ವಾರ ಒಂದೇ ಮನೆಯಲ್ಲಿ ಅಕ್ಕತಂಗಿ ಮಾತಿಲ್ಲದೆ ಕಳೆದರು. ಆರನೇ ವಾರ ತಂಗಿ ತನ್ನ ಸಾಲನ್ನು ಎಡಗೈಯಲ್ಲೇ ಅಳಿಸಿ, ಇಡೀ ಹಾಡಿನ ಶ್ರುತಿ ಇಳಿಸಿ, ಅಕ್ಕನ ಬಾಗಿಲು ತಟ್ಟಿದಳು.

"ಬಾ, ಶ್ರುತಿ ಇಳಿಸಿದೀನಿ. ಮೊದಲಿಂದ ಕೊನೇವರೆಗೂ ನಿಲ್ಲಿಸದೆ ಹಾಡು. ನಾನು ಏನೂ ಜೋಡಿಸಲ್ಲ."

"ನಿನ್ನ ಕೈ..."

"ಕೈ ಸುದ್ದಿ ಎತ್ತಿದ್ರೆ ಎದ್ದು ಹೋಗ್ತೀನಿ."

ನಾಲ್ಕನೇ ಟೇಕಿಗೆ ಹಾಡು ಬಂತು. ಎತ್ತರದ ಸಾಲೂ ಅಳುಕಿಲ್ಲದೆ, ಅಕ್ಕನದೇ ದನಿಯಲ್ಲಿ. ತಂಗಿ ಎರಡು ಬಾರಿ ಪೂರ್ತಿ ಕೇಳಿ, ಸೇವ್ ಮಾಡಿ, ಎದ್ದು ಬಂದು ಎಡಗೈಯಿಂದ ಅಕ್ಕನ ಕಪಾಳಕ್ಕೆ ಬಾರಿಸಿದಳು.

ಅಕ್ಕ ಅಲುಗಲಿಲ್ಲ. "ಮುರಿದದ್ದು ಎರಡು ಬೆರಳಲ್ವಾ?" ಎಂದಳು.

ಎರಡನೆಯ ಏಟಿಗೆ ತುಟಿ ಒಡೆಯಿತು. ತಂಗಿ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಅಕ್ಕ ಅವಳ ಪಕ್ಕ ಕೂತು ಸೆರಗಿನಿಂದ ರಕ್ತ ಒರೆಸಿಕೊಂಡಳು.

ಹಾಡು ಹೊರಬಂತು, ಜನ ಮೆಚ್ಚಿದರು. ಅಕ್ಕತಂಗಿ ಈಗಲೂ ಒಟ್ಟಿಗೇ ಕೆಲಸ ಮಾಡುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ ಕೂಡ. ಆದರೆ ಒಬ್ಬಳ ಬೆನ್ನ ಹಿಂದೆ ಇನ್ನೊಬ್ಬಳು ಸದ್ದಿಲ್ಲದೆ ಬಂದು ನಿಂತರೆ ಇಬ್ಬರೂ ಬೆಚ್ಚುತ್ತಾರೆ.