ಮೇಷ್ಟ್ರ ಕಂದು ಕೋಟು

ಅಲ್ಲ, ಸತ್ತವರನ್ನು ಹೊಗಳಬೇಕು, ಸರಿ. ಅದಕ್ಕೂ ಒಂದು ಲಂಗುಲಗಾಮು ಬೇಡವೇ? ತಾತನ ನೆನಪಿನ ಸಭೆಗೆಂದು ಬಾಡಿಗೆ ಹಿಡಿದ ಹಾಲಿನಲ್ಲಿ ಚಿಕ್ಕಪ್ಪ ಮೈಕು ಹಿಡಿದು, "ನಮ್ಮಪ್ಪ ಜೀವಮಾನದಲ್ಲಿ ಬೇರೆಯವರ ಒಂದು ಗುಂಡಿಗೂ ಆಸೆ ಪಟ್ಟವರಲ್ಲ" ಎಂದು ಗದ್ಗದಿತರಾದಾಗ, ಮೊದಲ ಸಾಲಿನಲ್ಲಿದ್ದ ಪುಟ್ಟಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಗುಂಡಿಯ ಮಾತು ಹಾಗಿರಲಿ, ತಾತ ಇಡೀ ಕೋಟನ್ನೇ ಹಾಕಿಕೊಂಡು ಹೋಗಿಬಿಟ್ಟಿದ್ದ. ಅದೂ ವಾಪಸ್ ಬಾರದ ಕಡೆಗೆ. ಆ ಕೋಟಿನ ಯಜಮಾನರು ಅವಳ ಪಕ್ಕದ ಕುರ್ಚಿಯಲ್ಲೇ ಕೂತು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಪುಟ್ಟಿ ಅಂದರೆ ಚಿಕ್ಕ ಹುಡುಗಿಯಲ್ಲ. ನಲವತ್ತು ದಾಟಿದವಳು, ಕೂದಲಿಗೆ ಬಣ್ಣ ಹಚ್ಚುವವಳು. ತಾತ ಕರೆದ ಹೆಸರು ಹಾಗೇ ಅಂಟಿಕೊಂಡಿತ್ತು. ತಾತನ ಲಾಂಡ್ರಿಯನ್ನು ಈಗ ನಡೆಸುವವಳು ಅವಳೇ. ಬಟ್ಟೆಗೆ ನಂಬರಿನ ಚೀಟಿ ಚುಚ್ಚುವುದು, ಹೇಳಿದ ದಿನಕ್ಕೆ ಕೊಡುವುದು, ಎಲ್ಲ ಅವಳು ತಂದ ಶಿಸ್ತು. ತಾತನ ಕಾಲದಲ್ಲಿ ಇದ್ದದ್ದು ಒಂದೇ ಪದ್ಧತಿ, ಅದಕ್ಕೆ ಅವನಿಟ್ಟ ಹೆಸರು ಟೆಸ್ಟಿಂಗ್. ಇಸ್ತ್ರಿ ಆದ ಕೋಟನ್ನು ಒಂದು ಸಂಜೆ ತಾನೇ ತೊಟ್ಟು, ಬೀದಿ ಕೊನೆಯ ಟೀ ಅಂಗಡಿಯವರೆಗೆ ಠೀವಿಯಿಂದ ಹೋಗಿಬಂದು, ಸುಕ್ಕು ಬಿದ್ದಲ್ಲಿ ಮತ್ತೆ ತಿಕ್ಕಿ, ಮಾರನೇ ದಿನ ಗಿರಾಕಿಗೆ ಕೊಡುತ್ತಿದ್ದ.

"ಮೈಮೇಲೆ ಹಾಕದೆ ಇಸ್ತ್ರಿ ಕೂತಿದೆಯೋ ಇಲ್ಲವೋ ಹೇಗೆ ಗೊತ್ತಾಗತ್ತೆ? ಡಾಕ್ಟ್ರು ನಾಡಿ ಹಿಡಿಯದೆ ಔಷಧಿ ಕೊಡ್ತಾರಾ?" ಎನ್ನುತ್ತಿದ್ದ.

"ಸಿಕ್ಕಿಹಾಕ್ಕೊಂಡ್ರೆ ಮಾನ ಹೋಗತ್ತೆ ತಾತಾ!"

"ಹೋಗಲಿ ಬಿಡೆ. ಕೋಟಾದರೂ ಮೈಮೇಲಿರತ್ತಲ್ಲ."

ಇವಳು ಬೈದದ್ದೇ ಬೈದದ್ದು, ಅವನು ಕನ್ನಡಿ ಮುಂದೆ ಕಾಲರ್ ಸರಿಮಾಡಿಕೊಂಡದ್ದೇ ಮಾಡಿಕೊಂಡದ್ದು. ಇನ್ನು ಮನೆಯವರೋ, ಸರಿಯಾದ ಪೆದ್ದರು. ಆಲ್ಬಮ್ಮಿನ ತುಂಬ ತಾತ ಬಗೆಬಗೆಯ ಕೋಟಿನಲ್ಲಿ ಮೆರೆಯುತ್ತಿದ್ದಾನೆ; ಇಸ್ತ್ರಿ ತಿಕ್ಕುವವನಿಗೆ ಇಷ್ಟೊಂದು ಕೋಟು ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಬೇಡವೇ?

ತಾತ ತೀರಿಕೊಂಡ ಬೆಳಿಗ್ಗೆ ಬೀರು ತೆಗೆದರೆ ಒಳಗಿದ್ದದ್ದು ಬನಿಯನ್ನು, ಪೈಜಾಮ, ಕಾಲರ್ ತಿರುಗಿಸಿ ಹೊಲಿದ ಒಂದು ಅಂಗಿ. ಆ ಅಂಗಿ ಇಸ್ತ್ರಿಯ ಮುಖ ಕಂಡಿರಲಿಲ್ಲ. ಪುಟ್ಟಿ ಅದರ ಸುಕ್ಕನ್ನು ಅಂಗೈಯಲ್ಲಿ ಸವರಿ ನೋಡಿದಳು. ಚಿಕ್ಕಪ್ಪನಿಗೆ ಮಾತ್ರ ಅನುಮಾನದ ಸುಳಿವೂ ಇಲ್ಲ. "ಒಳ್ಳೇ ಕೋಟೆಲ್ಲ ಅಂಗಡೀಲೇ ಇಟ್ಟಿರ್ತಾರೆ. ಬೇಗ ಒಂದು ತಗೊಂಡು ಬಾರೇ, ಜನ ಕಾಯ್ತಿದಾರೆ" ಎಂದು ಅಟ್ಟಿದರು.

ಓಡಿದಳು. ಅಂಗಡಿಯ ಕಂಬಿಯಲ್ಲಿ ತಾತನ ಮೈಗೆ ಆಗುವಂಥದ್ದು ಇದ್ದದ್ದು ಒಂದೇ, ನಿವೃತ್ತ ಮೇಷ್ಟ್ರ ಕಂದು ಕೋಟು. ಗಿರಾಕಿಗಳ ಬಟ್ಟೆ ಮುಟ್ಟಬೇಡ, ಮುಟ್ಟಬೇಡ ಎಂದು ಇಷ್ಟು ವರ್ಷ ತಾತನ ಪ್ರಾಣ ತಿಂದವಳು, ತಾನೇ ಚುಚ್ಚಿದ ನಂಬರಿನ ಚೀಟಿಯನ್ನು ತಾನೇ ಕಿತ್ತಳು. ಆ ಸುಕ್ಕು ಅಂಗಿಯಲ್ಲಿ ತಾತನನ್ನು ಕಳಿಸುವುದು ಅವಳಿಂದ ಆಗಲಿಲ್ಲ. ಆಗಲೇ ಇಲ್ಲ.

ಮಾಡಿದ್ದಾಯಿತು, ಈಗ ಅನುಭವಿಸು! ಬರುವ ಭಾನುವಾರ ಮೇಷ್ಟ್ರ ಮಗಳ ಮದುವೆ. ಅವರಿಗಿದ್ದದ್ದೂ ಅದೊಂದೇ ಕೋಟು. ನಿನ್ನೆ ಅಂಗಡಿಗೆ ಬಂದು "ಆಯ್ತೇನಮ್ಮ?" ಎಂದು ಕೇಳಿದವರಿಗೆ "ಗುಂಡಿ ಭದ್ರ ಮಾಡ್ತಿದೀನಿ ಮೇಷ್ಟ್ರೇ" ಎಂದು ಸುಳ್ಳು ಹೇಳಿ ಸಾಗಹಾಕಿದ್ದಳು. ನಿಜ ಹೇಳಿದರೆ ಅಂಗಡಿಯ ಹೆಸರು ಹೋಗುತ್ತದೆ, ಅದರ ಹಿಂದೆಯೇ ತಾತನದ್ದೂ. ಹೇಳದಿದ್ದರೆ ಈ ಸಾಧು ಮನುಷ್ಯ ಮಗಳ ಮದುವೆಯಲ್ಲಿ ಬರೀ ಅಂಗಿಯಲ್ಲಿ ನಿಲ್ಲಬೇಕು.

ಅಷ್ಟರಲ್ಲಿ ಚಿಕ್ಕಪ್ಪ ಮೇಷ್ಟ್ರನ್ನೇ ಮಾತಿಗೆ ಕರೆದರು. ಮೇಷ್ಟ್ರು ಮೈಕಿನ ಮುಂದೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಎಷ್ಟೋ ವರ್ಷದಿಂದ ಇವರಿಗೇ ಬಟ್ಟೆ ಕೊಟ್ಟಿದ್ದೇನೆ. ನನ್ನ ಕೋಟನ್ನು ಅವರು ತಮ್ಮದೇ ಅನ್ನೋ ಹಾಗೆ ನೋಡಿಕೊಂಡರು" ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಚಿಕ್ಕಪ್ಪ ಬಿಕ್ಕಿ ಬಿಕ್ಕಿ ಅತ್ತರು.

ಸಭೆ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿರುವಾಗ ಪುಟ್ಟಿ ಮೇಷ್ಟ್ರನ್ನು ಹೊರಗಿನ ಮೆಟ್ಟಿಲ ಹತ್ತಿರ ಕರೆದಳು.

"ಮೇಷ್ಟ್ರೇ, ನಿಮ್ಮ ಕೋಟು ತಾತನ ಜೊತೆ ಮಣ್ಣಿಗೆ ಹೋಯ್ತು. ನಾನೇ ಹಾಕಿದೆ."

"ಗೊತ್ತಮ್ಮ. ಅವತ್ತು ನಾನೂ ಬಂದಿದ್ದೆನಲ್ಲ, ನೋಡಿದೆ."

"ನೋಡಿಯೂ ಸುಮ್ಮನಿದ್ರಾ!"

"ಮತ್ತೇನು, ಸಾವಿನ ಮನೇಲಿ ನಿಂತು ನನ್ನ ಕೋಟು ಬಿಚ್ಚಿಕೊಡಿ ಅನ್ನಲಾ?"

"ಹಾಗಾದ್ರೆ ನಿನ್ನೆ ಯಾಕೆ ಕೇಳಿದ್ರಿ?"

"ನೀನು ಏನು ಹೇಳ್ತೀಯ ನೋಡೋಣ ಅಂತ. ಗುಂಡಿ ಭದ್ರ ಮಾಡ್ತಿದೀನಿ ಅಂದೆ. ನಿಮ್ಮ ತಾತನೂ ಅದನ್ನೇ ಹೇಳ್ತಿದ್ರು, ನನ್ನ ಕೋಟು ಸಿನಿಮಾಕ್ಕೆ ಹೋಗಿದ್ದಾಗೆಲ್ಲ. ಜೇಬಲ್ಲಿ ಟಿಕೆಟ್ಟಿನ ಚೂರು ಸಿಗ್ತಿತ್ತು." ಮೇಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅದೆಲ್ಲ ಇರಲಿ, ಭಾನುವಾರ ನಾನೇನು ಹಾಕ್ಕೊಳ್ಳಲಿ ಹೇಳು. ಹೊಸದು ಹೊಲಿಯೋಕೆ ಯಾವ ದರ್ಜಿಗೂ ಪುರುಸೊತ್ತಿಲ್ಲ" ಎಂದರು.

ಪುಟ್ಟಿ ಆಚೀಚೆ ನೋಡಿದಳು. ದನಿ ತಗ್ಗಿಸಿದಳು. "ಬ್ಯಾಂಕ್ ಮ್ಯಾನೇಜರದ್ದು ಒಂದು ಬಂದಿದೆ, ನಿಮ್ಮದೇ ಅಳತೆ. ಅವರು ಪರವೂರಿಂದ ಬರೋದು ಮುಂದಿನ ವಾರ. ಮದುವೆ ಮುಗಿದ ತಕ್ಷಣ ತಂದುಕೊಟ್ಟುಬಿಡಿ, ನಾನು ತಿಕ್ಕಿ ಇಟ್ಟಿರ್ತೀನಿ."

ಮೇಷ್ಟ್ರು ಹೌಹಾರಿದರು. "ಏನಮ್ಮಾ ಇದು! ಮಕ್ಕಳಿಗೆ ನೀತಿಪಾಠ ಹೇಳಿದವನು ನಾನು. ಇನ್ನೊಬ್ಬರ ಕೋಟು ತೊಟ್ಟು ಮಗಳನ್ನ ಧಾರೆ ಎರೆದು ಕೊಡಲಾ?" ಎಂದು ಸಿಡುಕಿ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಲ್ಲಿ ನಿಂತರು. ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಿಂದಿರುಗಿ ಬಂದರು.

"ಬಣ್ಣ ಯಾವುದು?"

ಕಡುನೀಲಿ ಎನ್ನಲು ಪುಟ್ಟಿ ಬಾಯಿ ತೆರೆದಳು. ಕೋಟಿನ ಚಿಂತೆಯಲ್ಲಿ ಇಷ್ಟು ದಿನ ಅಳುವುದಕ್ಕೇ ಪುರುಸೊತ್ತಾಗಿರಲಿಲ್ಲ. ಈಗ ಆ ಮೆಟ್ಟಿಲ ಮೇಲೆಯೇ ಕುಸಿದು ಕೂತು, ತಾತಾ, ತಾತಾ ಎಂದು ಗಟ್ಟಿಯಾಗಿ ಅತ್ತಳು. ಮೇಷ್ಟ್ರು ಪಕ್ಕದಲ್ಲಿ ಕೂತು, ಬಣ್ಣ ಯಾವುದೆಂದು ಹೇಳುವವರೆಗೂ ಕಾದರು.