ಕ್ಯಾರಿಯರಿನ ಕಂಬಳಿ

ಮಂಕಿಯ ತಿರುವಿನಲ್ಲಿ ಮಾದೇವ ಸೈಕಲ್ಲಿನಿಂದ ಇಳಿದು, ದಾರಿಗೆ ಅಡ್ಡ ಬಿದ್ದಿದ್ದ ಚಿರೆಕಲ್ಲನ್ನು ಕಾಲಿನಿಂದ ಬದಿಗೆ ನೂಕಿದ. ತಿರುಗಿ ಬರುವಾಗ ಇದರಿಂದ ಅವ್ವಿಯ ಸೊಂಟ ಕುಲುಕಬಾರದು. ಕ್ಯಾರಿಯರಿಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹುರಿಯಿಂದ ಕಟ್ಟಿದ್ದ. ಒಮ್ಮೆ ಒತ್ತಿ ನೋಡಿದ. ಮೆತ್ತಗಿತ್ತು.

ಬೆಳಿಗ್ಗೆ ತನ್ನೂರು ಕುಮಟೆಯಿಂದ ನೆರೆಮನೆಯ ನಾಗ ಬಂದು, ಮಾದೇವ ಕೆಲಸಕ್ಕಿದ್ದ ಭಟ್ಕಳದ ಅಂಗಡಿಯ ಮೆಟ್ಟಿಲ ಕೆಳಗೇ ನಿಂತಿದ್ದ.

"ನಿನ್ನ ಅವ್ವಿಗೆ ಕಾಯ್ಲೆ ಸ್ವಲ್ಪ ಜೋರಾಗಿದೆ. ನೋಡ್ಕಂಡು ಹೋಗ್ಲಿ ಅಂದ್ರು."

"ನೋಡೂದು ಎಂತ, ಕರ್ಕಂಡೇ ಬತ್ತೆ. ಇಲ್ಲಿ ಡಾಕ್ಟ್ರಿಗೆ ತೋರಿಸ್ತೆ."

ಕೊಟ್ಟ ನೀರನ್ನೂ ನಾಗ ಕುಡಿಯಲಿಲ್ಲ. "ಬೇಗ ಹೋಗು ಮಾರಾಯ," ಎಂದಷ್ಟೇ ಹೇಳಿದ.

ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ನಾಗನನ್ನು ತಂದ ಇದ್ದಿಲ ಬಸ್ಸು ಇನ್ನು ನಾಳೆಯೇ ಹೊರಡುವುದು. ಸೈಕಲ್ಲಿಗೆ ದೊಡ್ಡ ರಸ್ತೆಯೇ ಹತ್ತಿರ, ಆದರೆ ಉದ್ದಕ್ಕೂ ಜಲ್ಲಿ ಎದ್ದಿತ್ತು. ಹೋದ ವರ್ಷ ಸೈಕಲ್ ಕೊಂಡ ಸುದ್ದಿ ಕೇಳಿ ಅವ್ವಿ ಅಂದಿದ್ದಳು: "ಆ ಕುದ್ರೆ ಮೇಲೆ ನನ್ನೂ ಒಂದ್ಸಲ ಕೂರ್ಸು. ಹಲ್ಲು ಮಾತ್ರ ಉದ್ರಸ್ಬೇಡ, ಇರೂದೇ ನಾಕು."

ಹಾಗಾಗಿ ಅವನು ಕಡಲ ಬದಿಯ ಒಳದಾರಿ ಹಿಡಿದಿದ್ದ. ಒತ್ತಾದ ಮರಳು, ಹೊನ್ನೆಮರದ ನೆರಳು, ತೆಂಗಿನ ಸಂದಿಯಲ್ಲಿ ಬಿಟ್ಟು ಬಿಟ್ಟು ಕಾಣುವ ನೀರು. ಇಲ್ಲಿ ಇಳಿಸಿ ಬಾವಿ ನೀರು ಕುಡಿಸಬಹುದು, ಅಲ್ಲಿ ಅವಳು ತುಸು ಮಲಗಬಹುದು ಎಂದು ಗುರುತು ಮಾಡಿಕೊಳ್ಳುತ್ತ ಬಂದವನು ಶರಾವತಿಯ ದಡ ಮುಟ್ಟುವಾಗ ಹೊತ್ತು ಇಳಿದಿತ್ತು.

ದೋಣಿಯಲ್ಲಿ ದಾಟುವವರು ಇಬ್ಬರೇ ಕೂತಿದ್ದರು. ಮಾದೇವ ಸೈಕಲ್ ಇಟ್ಟದ್ದೇ ಅಂಬಿಗ ಹಮ್ಮ ದೋಣಿ ನೂಕಿದ.

"ಜನ ತುಂಬ್ಲಿಲ್ಲಲ್ಲೋ ಹಮ್ಮ."

"ಸಾಕು."

"ನಾಳೆ ಅವ್ವಿನ ಕರ್ಕಂಡು ಬತ್ತೆ. ಅಲುಗಾಡ್ಸಬೇಡ, ಅವ್ಳಿಗೆ ಹೊಳೆ ಅಂದ್ರೆ ಹೆದ್ರಿಕೆ."

ಹಮ್ಮ ಕಂಬಳಿಯನ್ನು ನೋಡಿದ. "ನಾಗ ನಿನ್ನೆ ಸಂಜೆ ನನ್ನ ದೋಣಿಲೇ ದಾಟಿದ," ಎಂದ.

"ಎಂತ ಹೇಳ್ದ?"

ಹಮ್ಮ ಹುಟ್ಟನ್ನು ಜೋರಾಗಿ ಎಳೆದ. ಮಾದೇವ ದೋಣಿಯ ಖಾಲಿ ಹಲಗೆಗಳತ್ತ ತಿರುಗಿದ. ಸಾವಿನ ಮನೆಗೆ ಹೊರಟವರನ್ನು ದಡದಲ್ಲಿ ಕಾಯಿಸಬಾರದೆಂಬುದು ಈ ಹೊಳೆಯ ರೂಢಿ. ಅಂಥವರಿಗಲ್ಲದೆ ಇನ್ಯಾರಿಗೂ ಹಮ್ಮ ಅರ್ಧ ತುಂಬಿದ ದೋಣಿ ಬಿಟ್ಟವನಲ್ಲ.

ಮಾದೇವ ಅಂದ, "ನಾ ಒಳದಾರಿಲಿ ಬಂದೆ. ಕಲ್ಲು ತೆಗೀತಾ."

"ನೀ ಬೆಂಕಿ ಕೊಡ್ಬೇಕಂತ ಕಾಯ್ತಾ ಇದ್ದಾರಂತೆ. ಬೇಗ ಹೋಗು."

ಹೊನ್ನಾವರದ ದಡದಲ್ಲಿ ಹಮ್ಮನೇ ಸೈಕಲ್ ಇಳಿಸಿ ಕೊಟ್ಟ. ಮಾದೇವ ಎದ್ದು ನಿಂತು ತುಳಿದ. ಕರ್ಕಿ ದಾಟುವಾಗ ದಾರಿಗೆ ಅಡ್ಡ ಒಂದು ತಗ್ಗು ಬಂತು. ಅವನು ಇಳಿದು, ಕಂಬಳಿಯ ಮೇಲೆ ಕೈಯಿಟ್ಟು, ಸೈಕಲ್ಲನ್ನು ಮೆಲ್ಲಗೆ ದಾಟಿಸಿದ.